ಮಾವನ ಕಾರಿನ ಜಲಮೂಲ

ನಮ್ಮ ಸೋದರಮಾವನಿಗೆ ನೆಲದಡಿ ಆರುನೂರು ಅಡಿ ಆಳದಲ್ಲಿರುವ ನೀರು ಕಾಣಿಸುತ್ತದೆ. ತಲೆಯ ಮೇಲೆ ಸುರಿಯುವ ನೀರು ಮಾತ್ರ ಕಾಣಿಸುವುದಿಲ್ಲ! ಇದನ್ನು ನಾನು ಅವರ ಬೆನ್ನ ಹಿಂದೆ ಹೇಳುತ್ತಿಲ್ಲ, ಎದುರಿಗೇ ಹೇಳಿದ್ದೇನೆ. ಅವರೇನೂ ಬೇಜಾರು ಮಾಡಿಕೊಳ್ಳಲಿಲ್ಲ.

"ಮ್ಯಾಗಿನ್ ನೀರು ಯಾರ್ಗ್ ಬೇಕಾದ್ರೂ ಕಾಣ್ತದೆ ಕಣ್ಲಾ ವಾದ್ಯಾರೆ. ಅದ್ರಾಗೇನ್ ದೊಡ್ಡಸ್ತಿಕೆ?" ಎಂದರು.

ನಾನು ಧರ್ಮಪುರಿಯ ಒಂದು ಶಾಲೆಯಲ್ಲಿ ಲೆಕ್ಕದ ಪಾಠ ಹೇಳುವವನು. ಹಾಗಾಗಿ ಮಾವನ ಬಾಯಲ್ಲಿ ನನಗೆ ಅಪ್ಪ ಅಮ್ಮ ಇಟ್ಟ ಹೆಸರು ಎಂದೋ ಹೋಗಿ, ವಾದ್ಯಾರೆ ಎಂಬುದೇ ಉಳಿದಿದೆ.

ಮಾವನ ಕಸುಬು ನೀರು ನೋಡುವುದು. ಕಡಯಂಪಟ್ಟಿಯ ಪಕ್ಕದಲ್ಲಿ ಅವರ ಊರು. ಅಲ್ಲಿಂದ ಧರ್ಮಪುರಿಯ ತನಕ ಯಾರೇ ಬೋರ್ ಕೊರೆಸಲಿ, ಮೊದಲು ಮಾವನ ಪಾದಧೂಳಿ ಆ ಹೊಲಕ್ಕೆ ಬೀಳಬೇಕು. ಜುಟ್ಟಿರುವ ತೆಂಗಿನಕಾಯಿಯೊಂದನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು, ಕಣ್ಣು ಅರ್ಧ ಮುಚ್ಚಿ, ಮದುವಣಗಿತ್ತಿಯ ಹಾಗೆ ಮೆಲ್ಲ ಮೆಲ್ಲನೆ ಹೆಜ್ಜೆ ಇಡುತ್ತಾರೆ. ಕಾಯಿ ಎಲ್ಲಿ ತಾನಾಗಿ ಎದ್ದು ನಿಲ್ಲುತ್ತದೋ ಅಲ್ಲಿ ನೀರು. ನೀರು ಬಂದರೆ ಮಾವನ ಕೈಗುಣ. ಬರದಿದ್ದರೆ? ಅದಕ್ಕೂ ಅವರ ಹತ್ತಿರ ಉತ್ತರ ಇದೆ.

"ಕಾಯಿ ನಿಂತ್ಕೊಂಡಾಗ ನೀರ್ ಇತ್ತು. ನೀವು ಬೋರ್ ಲಾರಿ ತರೋದು ತಡ ಮಾಡಿದ್ರಿ. ಪಾಪ, ಅದಾದ್ರೂ ಎಷ್ಟ್ ದಿನ ಕಾಯ್ತದೆ?"

ಇಂಥ ಮಾವ ಅರವತ್ತು ದಾಟಿದ ಮೇಲೆ ಒಂದು ಕಾರು ತಂದರು. ಬರಿಯ ಕಾರಲ್ಲ, ತಲೆಯೇ ಇಲ್ಲದ ಕಾರು! ಬೇಕೆಂದಾಗ ಬಟ್ಟೆಯ ಮುಚ್ಚಿಗೆಯನ್ನು ಮಡಿಸಿ ಹಿಂದಿನ ಸೀಟಿನ ಬೆನ್ನಿಗೆ ತುರುಕಬಹುದು, ಬೇಕೆಂದಾಗ ಎಳೆದು ಮುಂದಿನ ಗಾಜಿಗೆ ಎರಡು ಕೊಕ್ಕೆ ಸಿಕ್ಕಿಸಬಹುದು. ಏರ್ಕಾಡಿನ ಎಸ್ಟೇಟೊಂದಕ್ಕೆ ನೀರು ನೋಡಲು ಹೋದವರು, ಅಲ್ಲಿ ಸಿಲ್ವರ್ ಓಕ್ ಮರದಡಿ ಎಲೆ ಹೊದ್ದು ಮಲಗಿದ್ದ ಈ ಹಳೆಯ ಗಾಡಿಯನ್ನು ನೋಡಿ ಮನಸೋತು, ಎಸ್ಟೇಟಿನ ದೊರೆಯನ್ನು ಕಾಡಿ ಬೇಡಿ ತಂದುಬಿಟ್ಟರು. ಕಂಪನಿಯ ಹೆಸರು ಹೇಳುವುದಿಲ್ಲ. ಇನ್ನು ಮುಂದಿನ ಕಥೆ ಕೇಳಿದರೆ ಆ ಕಂಪನಿಯವರಿಗೆ ಮುಖ ಎತ್ತಿಕೊಂಡು ತಿರುಗಲು ಕಷ್ಟವಾದೀತು.

ಗಾಡಿ ಊರೊಳಗೆ ಬಂದ ದಿನ ಟೀ ಅಂಗಡಿಯ ಮುಂದೆ ಇದ್ದವರೆಲ್ಲ ಎದ್ದು ನಿಂತರು. ಗೌರವಕ್ಕಲ್ಲ, ಒಳಗೆ ಸರಿಯಾಗಿ ಕಾಣಲಿ ಎಂದು. ಒಬ್ಬ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಅಣ್ಣಾ, ಕೆಳಗಿನ ಅರ್ಧ ಬಂದೈತೆ. ಮ್ಯಾಗಿನ ಅರ್ಧ ಯಾವಾಗ ಬರ್ತದೆ?" ಎಂದು ಕೇಳಿದ.

ಮುದುಕನಿಗೆ ಶೋಕಿ ಹತ್ತಿದೆ ಎಂದು ಊರೆಲ್ಲ ಆಡಿಕೊಂಡಿತು. ಆದರೆ ವಿಷಯ ಬೇರೆ ಇತ್ತು. ಅದು ನಮ್ಮ ಅತ್ತೆಯ ವಿಷಯ.

ಅತ್ತೆಗೆ ಮುಚ್ಚಿದ ಗಾಡಿ ಆಗುವುದಿಲ್ಲ. ಬಸ್ಸಿನ ಬಾಗಿಲು ಹಾಕಿದರೆ ಸಾಕು, ಉಸಿರು ಕಟ್ಟುತ್ತದೆ, ಕೈಕಾಲು ತಣ್ಣಗಾಗುತ್ತವೆ. ಡಾಕ್ಟರು ಎದೆ ಪರೀಕ್ಷೆ ಮಾಡಿ ಎಲ್ಲ ಸರಿ ಇದೆ ಎಂದು ಬರೆದುಕೊಟ್ಟಿದ್ದಾರೆ. ಆ ಚೀಟಿ ತೋರಿಸಿದರೆ ಬಸ್ಸಿನಲ್ಲಿ ಉಸಿರು ಬಂದೀತೇ? ಮೊದಲು ಮಾವನ ಮೊಪೆಡ್ಡಿನ ಹಿಂದೆ ಕೂತು ಓಮಲೂರು ಸಂತೆಗೆ ಹೋಗಿಬರುತ್ತಿದ್ದರು. ಮಂಡಿ ಹಿಡಿದ ಮೇಲೆ ಅದೂ ನಿಂತಿತು. ತೆರೆದ ಜೀಪಾದರೆ ಹತ್ತಲು ಕಾಲು ಏಳದು. ಆಟೋದ ರೆಕ್ಸಿನ್ ಮುಚ್ಚಿಗೆಯಂತೂ ತಲೆಗೇ ಬಂದು ತಾಗುತ್ತದೆ. ಅವರ ಒಬ್ಬಳೇ ಮಗಳನ್ನು ಏರ್ಕಾಡಿಗೆ ಕೊಟ್ಟು ಏಳು ವರ್ಷ. ಅತ್ತೆ ತಮ್ಮ ಮಾಳಿಗೆ ಮೇಲೆ ಬಟ್ಟೆ ಒಣಹಾಕುವಾಗ ಎದುರಿಗೇ ಆ ಬೆಟ್ಟ ಕಾಣುತ್ತದೆ. ಮಗಳ ಮನೆಯ ಬಾಗಿಲು ಮಾತ್ರ ಅವರು ಕಂಡಿಲ್ಲ.

ಮಗಳಿಗೆ ಗೊತ್ತು, ಅಳಿಯನಿಗೂ ಗೊತ್ತು. ಆದರೆ ಬೀಗರ ಕಡೆಯವರು ಬಿಡುತ್ತಾರೆಯೇ? "ಎದೆಗೇನೂ ಆಗಿಲ್ವಂತೆ, ಡಾಕ್ಟ್ರೇ ಅಂದವ್ರಂತೆ. ಬರಾಕ್ ಮನಸ್ಸಿಲ್ಲ, ಅದ್ಕೊಂದು ಸಾಕು" ಎಂದು ಬೀಗಿತ್ತಿ ಯಾರದೋ ಸೀಮಂತದಲ್ಲಿ ಅಂದ ಮಾತು ಹದಿನೈದೇ ದಿನದಲ್ಲಿ ಬೆಟ್ಟ ಇಳಿದು ಅತ್ತೆಯ ಕಿವಿಗೆ ಬಿದ್ದಿತ್ತು. ಸಾಕು ಅಂದರೆ ನಮ್ಮ ಕಡೆ ನೆಪ. ಅತ್ತೆ ಆ ದಿನ ಊಟ ಮಾಡಲಿಲ್ಲ.

ಅಷ್ಟರಲ್ಲಿ ಮಗಳು ಏರ್ಕಾಡಿನಲ್ಲಿ ಹೊಸಮನೆ ಕಟ್ಟಿದಳು. ಆವಣಿ ತಿಂಗಳಲ್ಲಿ, ಅಂದರೆ ಶ್ರಾವಣದ ಹೊತ್ತಿಗೆ, ಹಾಲು ಉಕ್ಕಿಸುವುದೆಂದು ನಿಶ್ಚಯವಾಯಿತು. ನಮ್ಮ ಮನೆತನದಲ್ಲಿ ಹೆಣ್ಣುಮಗಳ ಹೊಸಮನೆಯಲ್ಲಿ ಮೊದಲ ಹಾಲು ಕಾಯುವುದು ತವರಿನ ಪಾತ್ರೆಯಲ್ಲಿ, ಒಲೆ ಹಚ್ಚುವುದು ತಾಯಿಯ ಕೈ. "ಅಮ್ಮ ಬರ್ಲಿಲ್ಲ ಅಂದ್ರೆ ನಾನ್ ಒಲೆನೇ ಅಚ್ಚಲ್ಲ" ಎಂದು ಮಗಳು ಫೋನಿನಲ್ಲಿ ಅತ್ತಳು. ಅದಾದ ಎಂಟನೇ ದಿನಕ್ಕೆ ಮಾವ ತಲೆಯಿಲ್ಲದ ಕಾರಿನೊಂದಿಗೆ ಊರಿಗೆ ಬಂದಿದ್ದರು. ಈಗ ಹೇಳಿ, ಅದು ಶೋಕಿಯೇ?

ಹಾಗಂತ ಮಾವ ಬಾಯಿಬಿಟ್ಟು ಹೇಳುವವರೇ? "ವಯಸ್ಸಾಗೋದ್ರೊಳ್ಗೆ ಒಸಿ ಗಾಳಿ ಕುಡಿಯಾನ ಅಂತ ತಂದೆ" ಎನ್ನುತ್ತಿದ್ದರು.

ಮೊದಲ ಸವಾರಿ ಓಮಲೂರಿಗೆ. ವಯಸ್ಸಿನಲ್ಲಿ ಬೋರ್ ಲಾರಿ ಓಡಿಸಿದ ಕೈ, ಮಾವ ಕಾರನ್ನೂ ಲಾರಿಯಂತೆಯೇ ಓಡಿಸಿದರು. ಅತ್ತೆ ಪಕ್ಕದಲ್ಲಿ ಸೆರಗು ಬಿಗಿಯಾಗಿ ಹೊದ್ದು, ಕಣ್ಣು ಮುಚ್ಚಿ ಕೂತರು. ರಸ್ತೆಗೆ ಬಂದ ಮೇಲೆ ಒಂದು ಕಣ್ಣು ತೆರೆದರು. ಆಮೇಲೆ ಇನ್ನೊಂದು. ಮೇಲೆ ಬರೀ ಆಕಾಶ! ಹೋಗಿ ಬಂದದ್ದಾಯಿತು, ಉಸಿರಿಗೆ ಏನೂ ಆಗಲಿಲ್ಲ. ಮನೆಗೆ ಬಂದವರೇ ಅತ್ತೆ ಅಕ್ಕಪಕ್ಕದವರಿಗೆಲ್ಲ ದಾರಿಯಲ್ಲಿ ಕಂಡ ಹೂಕೋಸಿನ ಗಾತ್ರ ಹೇಳಿದ್ದೇ ಹೇಳಿದ್ದು.

ಆಮೇಲೆ ಮಳೆ ಬಂತು.

ಒಂದೇ ಮಳೆ. ಮುಚ್ಚಿಗೆ ಹಾಕಿಯೇ ಇತ್ತು, ಕೊಕ್ಕೆಯೂ ಬಿಗಿಯಾಗಿತ್ತು. ಬೆಳಿಗ್ಗೆ ಬಾಗಿಲು ತೆರೆದರೆ ಒಳಗೆ ಕಾಲಡಿಯ ಹಾಸಿನ ಮೇಲೆ ನೀರು ನಿಂತಿದೆ, ಬ್ರೇಕಿನ ಮೇಲೆ ಒಂದು ಕಪ್ಪೆ ಕೂತಿದೆ. ನೀರು ಮೊಗೆದು ಹಾಕಿ, ಎರಡು ದಿನ ಬಿಸಿಲಿಗಿಟ್ಟರೂ ಆ ಹಾಸು ಒಳಗೊಳಗೇ ಮುಗ್ಗಿ, ಒದ್ದೆ ನಾಯಿಯನ್ನು ಗೋಣಿಚೀಲದಲ್ಲಿ ಕಟ್ಟಿಟ್ಟ ಹಾಗೆ ನಾತ ಹಿಡಿಯಿತು. ಅತ್ತೆ ಕೂತರು, ಮೂಗು ಮುಚ್ಚಿದರು, ಬೀದಿಯ ಮೂಲೆ ದಾಟುವ ಮೊದಲೇ ಇಳಿದು ಕಹಿ ಕಕ್ಕಿದರು.

"ಉಸ್ರಿಗೇನೋ ದಾರಿ ಮಾಡಿದ್ರಿ. ಈ ನಾತಕ್ಕೆ ಏನ್ ಮಾಡ್ತೀರಿ?" ಎಂದು ಕೇಳಿ ಮನೆಯೊಳಗೆ ಹೋದರು.

ಹಾಲು ಉಕ್ಕಿಸಲು ಆಗ ಒಂದೂವರೆ ತಿಂಗಳಿತ್ತು. ಮಳೆಗಾಲ ಬೇರೆ. ಕಾರಿನೊಳಗೆ ನೀರು ಬರುವ ದಾರಿ ಹುಡುಕಿ ಮುಚ್ಚದಿದ್ದರೆ ಅತ್ತೆ ಬೆಟ್ಟ ಹತ್ತುವಂತಿಲ್ಲ. ಓಮಲೂರಿನ ಮೆಕ್ಯಾನಿಕ್ಕಿಗೆ ತೋರಿಸೋಣ ಎಂದೆ. ಮಾವ ನನ್ನನ್ನು ನೋಡಿದ ನೋಟ ಇದೆಯಲ್ಲ, ಪರೀಕ್ಷೆಯಲ್ಲಿ ಕಾಪಿ ಹೊಡೆದ ಹುಡುಗನನ್ನು ನಾನೂ ಅಷ್ಟು ಕೆಟ್ಟದಾಗಿ ನೋಡಿಲ್ಲ.

"ಏನ್ಲಾ ವಾದ್ಯಾರೆ! ಎರಡ್ ಜಿಲ್ಲೆಗೆ ನೀರ್ ತೋರ್ಸೋನು ನಾನು. ನನ್ ವಂಡಿಯಾಗಿನ್ ನೀರು ಇನ್ನೊಬ್ನು ತೋರ್ಸ್‌ಬೇಕಾ? ಊರ್ನೋರು ನಗಲ್ವಾ?"

ಆಮೇಲೆ ನಡೆದದ್ದಕ್ಕೆ ಊರಿನವರು ನಗಲಿಲ್ಲ ಎಂದು ನಾನು ಹೇಳಲಾರೆ. ಮಾವ ಸ್ನಾನ ಮಾಡಿ, ವಿಭೂತಿ ಹಚ್ಚಿ, ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಕಾರಿನೊಳಗೆ ಹತ್ತಿದರು. ಹೊಲದಲ್ಲಾದರೆ ನಡೆಯಬಹುದು. ಕಾರಿನಲ್ಲಿ ಎಲ್ಲಿ ನಡೆಯುವುದು? ಮುಂದಿನ ಸೀಟಿನಿಂದ ಹಿಂದಿನ ಸೀಟಿಗೆ ಮಂಡಿಯೂರಿಕೊಂಡು ತೆವಳಿದರು. ಹೊರಗೆ ಮೂವತ್ತು ಜನ. ಡ್ರೈವರ್ ಸೀಟಿನ ಮೇಲೆ ಕಾಯಿ ಎದ್ದು ನಿಂತಿತು. ಪಕ್ಕದ ಸೀಟಿನ ಮೇಲೂ ನಿಂತಿತು. ಹಿಂದೆ ಹೋದರೆ ಅಲ್ಲಿಯೂ ನಿಂತಿತು. ಕಾಯಿಗೆ ಆ ದಿನ ಮಲಗುವ ಮನಸ್ಸೇ ಇರಲಿಲ್ಲ.

ಮಾವ ಇಳಿದು ಬಂದು ತೀರ್ಪು ಕೊಟ್ಟರು. "ವಂಡಿ ನಿಂತಿರೋ ಜಾಗ್ದಾಗ ಊಟೆ ಐತೆ. ಭಾರೀ ಊಟೆ. ಅದು ಮ್ಯಾಕ್ಕೆ ಉಕ್ತಾ ಐತೆ."

ಕೇಳಿದಿರಾ! ಊಟೆ ಅಂದರೆ ನೆಲದಡಿಯ ಒರತೆ. ಮಾವನ ಪ್ರಕಾರ ಲೋಕದ ನೀರೆಲ್ಲ ಬರುವುದು ಕೆಳಗಿನಿಂದ. ಮಳೆ ಎಂಬುದು ಅವರಿಗೆ ಕಸುಬುಗಾರಿಕೆ ಇಲ್ಲದ ನೀರು, ಯಾರೂ ಹುಡುಕದೆ ತಾನಾಗಿ ಬಂದು ಬೀಳುವ ಬಿಟ್ಟಿ ನೀರು. ಅಂಥದ್ದು ತಮ್ಮ ಕಾರಿಗೆ ನುಗ್ಗುವ ಧೈರ್ಯ ಮಾಡುತ್ತದೆಂದು ಅವರು ನಂಬುವುದಾದರೂ ಹೇಗೆ? ನಾಲ್ಕು ಜನ ಸೇರಿ ಕಾರನ್ನು ತಳ್ಳಿ ಹುಣಸೆಮರದ ಆಚೆ ನಿಲ್ಲಿಸಿದೆವು. ಮತ್ತೆ ಮಳೆ ಬಂತು, ಮತ್ತೆ ನೀರು ನಿಂತಿತು.

"ಮಾವ, ಈಗೇನಂತೀರಿ?"

"ಊಟೆ ಇಂದ್ಗಡೇನೇ ಬಂದದೆ ಕಣ್ಲಾ" ಎಂದರು ಮಾವ, ಒಂಚೂರೂ ಅಳುಕದೆ.

ಆದರೆ ಊಟೆ ಎಷ್ಟು ಸಲ ಹಿಂದೆ ಬಂದೀತು? ಮೂರನೆಯ ಮಳೆಯ ಮಾರನೆಯ ದಿನ ಮಾವ ಗೋಣಿಚೀಲ ಹಾಸಿಕೊಂಡು ಕಾರಿನ ಅಡಿಗೆ ನುಗ್ಗಿದರು. ಅರ್ಧ ಗಂಟೆ ಎರಡು ಕಾಲು ಮಾತ್ರ ಹೊರಗಿದ್ದವು. ಆಮೇಲೆ ಒಳಗಿನಿಂದ ಕೂಗು. "ಸಿಕ್ತು! ವಾದ್ಯಾರೆ, ಸಿಕ್ತು!" ಹಿಂದಿನ ಚಕ್ರದ ಹತ್ತಿರ, ಈ ಕಡೆ ಒಂದು ಆ ಕಡೆ ಒಂದು ತೂತು. ಎರಡರಲ್ಲೂ ತೊಟ್ಟು ತೊಟ್ಟಾಗಿ ನೀರು. ತೂತಿನಲ್ಲಿ ನೀರು ಕಂಡರೆ ಅದು ಒಳಕ್ಕೆ ಹೋಗುತ್ತಿದೆಯೋ ಹೊರಕ್ಕೆ ಬರುತ್ತಿದೆಯೋ ಎಂದು ನಾವು ನೀವಾದರೆ ಒಂದು ಗಳಿಗೆ ಯೋಚಿಸುತ್ತೇವೆ. ಮಾವ ಬೋರ್ ಪೈಪಿನ ಜಾಯಿಂಟಿಗೆ ಮೆತ್ತುವ ಗಟ್ಟಿ ಅಂಟನ್ನು ಕಲಸಿ ಎರಡಕ್ಕೂ ಜಡಿದುಬಿಟ್ಟರು. ಜಲಮೂಲ ಮುಚ್ಚಿದ ಸಂತೋಷಕ್ಕೆ ಆ ಸಂಜೆ ಮನೆಯಲ್ಲಿ ಪಾಯಸ.

ಪಾಯಸದ ಋಣ ತೀರಿಸಲೋ ಎಂಬಂತೆ ಆ ವಾರ ಮಳೆ ಹೊಡೆದದ್ದೇ ಹೊಡೆದದ್ದು. ಭಾನುವಾರ ಧರ್ಮಪುರಿ ಕಡೆಯ ಗೌಡರೊಬ್ಬರು ಬೋರಿಗೆ ನೀರು ತೋರಿಸಬೇಕೆಂದು ತಾಂಬೂಲ ಹಿಡಿದುಕೊಂಡು ಬಂದಿದ್ದರು. ಅವರಿಗೆ ಗಾಡಿಯ ಬೆಡಗು ತೋರಿಸೋಣವೆಂದು ಮಾವ ಗತ್ತಿನಿಂದ ಬಾಗಿಲು ಎಳೆದರು. ಮೆಟ್ಟೂರು ಅಣೆಕಟ್ಟಿನ ಮದಗು ಎತ್ತಿದ ಹಾಗೆ ನೀರು ಧುಮುಕಿತು! ಗೌಡರ ಪಂಚೆ ಮೊಳಕಾಲಿನ ತನಕ ಒದ್ದೆ. ಅವರ ಒಂದು ಚಪ್ಪಲಿ ತೇಲಿಕೊಂಡು ಚರಂಡಿಯ ಕಡೆ ಹೊರಟಿತು. ಗೌಡರು ಚಪ್ಪಲಿ ಹಿಡಿದು ತಂದು ಕಾರನ್ನೂ ಮಾವನನ್ನೂ ಒಂದು ಸಲ ನೋಡಿದರು.

"ಅಣ್ಣಾ, ನೀವ್ ಬರೋದೇನೂ ಬ್ಯಾಡ. ಈ ವಂಡಿ ಒಂದ್ ಕಳ್ಸಿಬಿಡಿ, ಸಾಕು" ಎಂದು ಕೈಮುಗಿದು ಹೋಗಿಬಿಟ್ಟರು.

ಆ ದಿನ ಮೊದಲ ಸಲ ಮಾವನ ಮುಖ ಬಾಡಿದ್ದು ಕಂಡೆ. ಗೌಡರು ಹೋದರೆಂದಲ್ಲ. ಹಾಲು ಉಕ್ಕಿಸಲು ಇನ್ನು ಆರೇ ದಿನ. ಮಗಳು ಬೆಳಿಗ್ಗೆ ಫೋನು ಮಾಡಿ "ಅಪ್ಪಾ, ವಂಡಿ ರೆಡಿನಾ?" ಎಂದು ಕೇಳಿದ್ದಳು. ಇವರು "ಓ, ಜೋರಾಗೈತೆ" ಎಂದುಬಿಟ್ಟಿದ್ದರು.

ಅಷ್ಟೂ ದಿನ ಅಡಿಗೆಮನೆಯ ಕಿಟಕಿಯಿಂದ ಈ ನಾಟಕ ನೋಡುತ್ತಿದ್ದ ಅತ್ತೆ ಆಗ ಹೊರಗೆ ಬಂದರು. ಒಂದು ಕೈಯಲ್ಲಿ ಕೊಡ, ಇನ್ನೊಂದರಲ್ಲಿ ಅರಿಸಿನದ ಡಬ್ಬಿ. ಕೊಡದ ನೀರಿಗೆ ಅರಿಸಿನ ಕದಡಿದರು. "ಮಗಾ, ನೀನ್ ಒಳಗ್ ಕೂತ್ಕೊ. ಅರಿಸಿನ ಎಲ್ ಬರ್ತದೆ ನೋಡ್ತಿರು" ಎಂದು ನನಗೆ ಹೇಳಿ, ಮುಚ್ಚಿಗೆಯ ಮೇಲೆ ಚೊಂಬು ಚೊಂಬಾಗಿ ಹೊಯ್ಯತೊಡಗಿದರು. ಮುಂದೆ ಹೊಯ್ದರು, ಏನಿಲ್ಲ. ಪಕ್ಕದಲ್ಲಿ ಹೊಯ್ದರು, ಏನಿಲ್ಲ. ಹಿಂದುಗಡೆ ಹೊಯ್ದು ಇನ್ನೂ ಚೊಂಬು ಕೆಳಗಿಟ್ಟಿಲ್ಲ, ಹಿಂದಿನ ಸೀಟಿನ ಬೆನ್ನಿನ ಮೇಲಿಂದ ಹಳದಿ ನೀರು ಸರಾಗವಾಗಿ ನನ್ನ ಶರ್ಟಿನೊಳಗೆ ಇಳಿಯಿತು.

ಮುಚ್ಚಿಗೆ ಮಡಿಸಿಡಲು ಅಲ್ಲೊಂದು ತೊಟ್ಟಿ ಇದೆ. ಬಟ್ಟೆಯ ಮೇಲಿನ ಮಳೆನೀರು ಜಾರಿ ಆ ತೊಟ್ಟಿಗೆ ಬಿದ್ದು, ಎರಡು ರಬ್ಬರ್ ಕೊಳವೆಯಲ್ಲಿ ಇಳಿದು, ಕಾರಿನಡಿಯ ತೂತುಗಳಿಂದ ನೆಲಕ್ಕೆ ಹೋಗಬೇಕು. ಸಿಲ್ವರ್ ಓಕಿನ ಎಲೆ ಕಟ್ಟಿಕೊಂಡು ಕೊಳವೆ ಮುಕ್ಕಾಲು ಮುಚ್ಚಿತ್ತು. ಉಳಿದ ಕಾಲುಭಾಗವನ್ನು ನಮ್ಮ ಮಾವ ಸ್ವಂತ ಕೈಯಿಂದ ಮುಚ್ಚಿ ಪಾಯಸ ಕುಡಿದಿದ್ದರು!

"ಅನ್ನ ಬಸಿಯೋ ತೂತು ಮುಚ್ಚಿದ್ರೆ ಗಂಜಿ ಎಲ್ಲಿಗ್ ಓಗ್ತದೆ?" ಎಂದರು ಅತ್ತೆ. ಅಷ್ಟೇ. ಚೊಂಬು ಎತ್ತಿಕೊಂಡು ಒಳಗೆ ಹೋದರು.

ಮಾವ ಸ್ಕ್ರೂಡ್ರೈವರ್ ಸುತ್ತಿಗೆ ಹಿಡಿದು ಮತ್ತೆ ಅಡಿಗೆ ನುಗ್ಗಿದರು. ಟಕ್ ಟಕ್ ಎಂದು ನಾಲ್ಕು ಏಟು. ಅಂಟು ಕಳಚಿತು, ಎಲೆಯ ರೊಚ್ಚು ಕಳಚಿತು, ತೊಟ್ಟಿಯ ಅರಿಸಿನ ನೀರೆಲ್ಲ ಮಾವನ ಮುಖದ ಮೇಲೆ! ಹೊರಗೆ ಬಂದಾಗ ತಲೆಯಿಂದ ಎದೆಯ ತನಕ ಹಳದಿ. ಚಪ್ಪರದ ಶಾಸ್ತ್ರಕ್ಕೆ ಕೂರಿಸಿದ ಮದುಮಗನಂತೆ ನಿಂತು, ಮುಖ ಒರೆಸಿಕೊಂಡು, ನನ್ನನ್ನೇ ಕೇಳಿದರು: "ತೂತು ಕೆಳ್ಗೇ ಇತ್ತಾ ಇಲ್ವಾ? ನಾನ್ ಮೊದ್ಲಿಂದ ಏನಂತಿದ್ದೆ?"

ಹಾಸು ಕಿತ್ತು ಒಣಗಿಸಿದೆವು. ಒಳಗೆ ಸಾಂಬ್ರಾಣಿ ಹಾಕಿದೆವು. ಮತ್ತೆರಡು ಮಳೆ ಬಂದರೂ ಒಳಗೆ ಒಂದು ಹನಿ ಇಲ್ಲ. ಮಾವ ಈಗ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು, ಕಾರಿನ ನೆಲ ಮುಟ್ಟಿಸಿ, "ಎಂಗೈತೆ?" ಎಂದು ಕೇಳತೊಡಗಿದರು. ಮುಟ್ಟದೆ ಹೋದವನು ಜನ್ಮಶತ್ರು.

ಹಾಲು ಉಕ್ಕಿಸುವ ದಿನ ಬೆಳಿಗ್ಗೆ ಒಳ್ಳೆಯ ಬಿಸಿಲು. ಮುಚ್ಚಿಗೆ ಮಡಿಸಿ ಹೊರಟೆವು. ಮುಂದೆ ಮಾವ, ಪಕ್ಕದಲ್ಲಿ ಮಾವಿನೆಲೆ ಬಣ್ಣದ ರೇಷ್ಮೆ ಸೀರೆಯಲ್ಲಿ ಅತ್ತೆ. ಅವರ ತೊಡೆಯ ಮೇಲೆ ಅರಿಸಿನ ಕುಂಕುಮ ಹಚ್ಚಿದ ಹಿತ್ತಾಳೆ ಪಾತ್ರೆ. ಹಿಂದೆ ನಾನು, ನನ್ನ ಸುತ್ತ ಹಣ್ಣು ಹೂವಿನ ತಟ್ಟೆಗಳು. ಸೇಲಂ ದಾಟಿ ಘಾಟಿ ಹತ್ತಿದಾಗ ಅತ್ತೆ ಕತ್ತು ಎತ್ತಿ ಮರಗಳನ್ನು ನೋಡುತ್ತಿದ್ದರು. ಒಂದೊಂದು ತಿರುವಿಗೂ ಒಂದೊಂದು ಪ್ರಶ್ನೆ. ಅದು ಮೆಣಸಿನ ಬಳ್ಳಿಯಾ? ಅಲ್ಲಿ ಕಾಣೋದು ನಮ್ಮೂರಾ? ಮಾವ ಎಲ್ಲದಕ್ಕೂ ಹೌದೆಂದರು, ಬಂಡೆಗೂ ಮೆಣಸಿನ ಬಳ್ಳಿ ಎಂದರು.

ಹದಿನಾಲ್ಕನೇ ತಿರುವಿನಲ್ಲಿ ಮಳೆ ಹಿಡಿಯಿತು. ಬೆಟ್ಟದ ಮಳೆ, ಹೇಳದೆ ಕೇಳದೆ ಬಂತು. ಮಾವನ ಹಿಗ್ಗು ನೋಡಬೇಕಿತ್ತು. "ಬರ್ಲಿ! ಇದ್ಕೇ ಕಾಯ್ತಿದ್ದೆ!" ಎಂದು ಗಾಡಿ ನಿಲ್ಲಿಸಿ, ಮುಚ್ಚಿಗೆ ಎಳೆದು, ಕೊಕ್ಕೆ ಸಿಕ್ಕಿಸಿ, ಗಾಜು ಏರಿಸಿ ಹೊರಟರು. ಮೇಲೆ ಮಳೆ ಧಪಧಪ ಬಡಿಯುತ್ತಿದೆ, ಒಳಗೆ ಒಂದು ತೊಟ್ಟಿಲ್ಲ. "ವಾದ್ಯಾರೆ, ಸೀಟಿನ್ ಇಂದ್ಗಡೆ ಮುಟ್ನೋಡು! ಒಂದ್ ತೊಟ್ಟು ತೋರ್ಸು, ನನ್ ಮೀಸೆ ಬೋಳಿಸ್ತೀನಿ!" ನಾನು ಮುಟ್ಟಿದೆ. ಬೂದಿಯಷ್ಟು ಒಣಗಿತ್ತು. ಒಂದೂವರೆ ತಿಂಗಳ ಯುದ್ಧವನ್ನು ಮಾವ ಗೆದ್ದಿದ್ದರು.

ಅತ್ತೆ ಮಾತು ನಿಲ್ಲಿಸಿದ್ದು ನಮಗೆ ತಡವಾಗಿ ತಿಳಿಯಿತು. ಪಾತ್ರೆಯ ಕಂಠ ಹಿಡಿದ ಅವರ ಬೆರಳುಗಳು ಬಿಳಿಚಿಕೊಂಡಿದ್ದವು. ಹಣೆಯ ಮೇಲೆ ಬೆವರು.

"ಇನ್ನೆಷ್ಟ್ ತಿರುವೈತೆ?" ಎಂದರು, ಅರ್ಧ ಉಸಿರಿನಲ್ಲಿ.

"ಆರು" ಎಂದೆ.

"ಓಗ್ಲಿ ಬಿಡಿ. ತಡ್ಕೊತೀನಿ. ಒಲೆ ಅಚ್ಬೇಕು."

ಮಾವ ಅವರ ಕಡೆ ತಿರುಗಿ ನೋಡಿದರು. ಮುಂದಿನ ತಿರುವಿನ ಪಕ್ಕಕ್ಕೆ ಗಾಡಿ ನಿಲ್ಲಿಸಿದರು. ಇಳಿದು, ಎರಡು ಕೊಕ್ಕೆಯನ್ನೂ ಬಿಚ್ಚಿ, ಮುಚ್ಚಿಗೆಯನ್ನು ಎರಡೂ ಕೈಯಿಂದ ಹಿಂದಕ್ಕೆ ತಳ್ಳಿದರು. ಮಳೆ ಪೂರ್ತಿ ಒಳಗೆ ಬಂತು.

"ಮಾವ, ರೇಷ್ಮೆ ಸೀರೆ!" ಎಂದು ಕೂಗಿದೆ.

"ಸೀರೆ ಒಣಗ್ತದೆ ಕಣ್ಲಾ" ಎಂದರು.

ಅತ್ತೆ ಮುಖ ಮೇಲಕ್ಕೆತ್ತಿ ಬಾಯಿ ತೆರೆದು ಉಸಿರೆಳೆದುಕೊಂಡರು. ಒಂದು, ಎರಡು, ಮೂರು. ಬೆರಳುಗಳು ಸಡಿಲವಾದವು. ಕಾಲಡಿ ನೀರು ನಿಲ್ಲತೊಡಗಿತು, ತಟ್ಟೆಯ ಹೂವು ನನ್ನ ಮಡಿಲಿಗೆ ತೇಲಿ ಬಂತು. ಎದುರಿನಿಂದ ಇಳಿದ ಬಸ್ಸಿನ ಕಿಟಕಿಯಿಂದ ಯಾರೋ, "ಯೋವ್ ಪೆರಿಸು, ಕೂರೆಯೆ ಮೂಡುಯ್ಯಾ!" ಎಂದು ತಮಿಳಿನಲ್ಲಿ, ಅಂದರೆ ಮುದುಕಪ್ಪಾ ಸೂರು ಮುಚ್ಚಯ್ಯಾ ಎಂದು, ಗೇಲಿ ಮಾಡಿದರು. ಯಾರಿಗೂ ಬಾಕಿ ಉಳಿಸಿಕೊಳ್ಳದ ಮಾವ ಆ ದಿನ ಬಸ್ಸಿನ ಕಡೆ ತಿರುಗಿಯೂ ನೋಡಲಿಲ್ಲ. ತೊಟ್ಟಿಕ್ಕುವ ಮೀಸೆಯೊಂದಿಗೆ ಮೆಲ್ಲಗೆ ಗಾಡಿ ಓಡಿಸಿದರು, ಜೀವನದಲ್ಲಿ ಮೊದಲ ಸಲ ಲಾರಿಯಂತೆ ಓಡಿಸಲಿಲ್ಲ.

ಹೊಸಮನೆಯ ಮುಂದೆ ನಿಂತಾಗ ಮೂವರಿಂದಲೂ ನೀರು ಇಳಿಯುತ್ತಿತ್ತು. ಮಗಳು ಕೊಡೆ ಹಿಡಿದು ಓಡಿ ಬಂದು ಅಮ್ಮನನ್ನು ತಬ್ಬಿಕೊಂಡಳು. ಜಗಲಿಯ ಮೇಲೆ ಬೀಗರು, ಬೀಗಿತ್ತಿ, ಅವರ ಕಡೆಯ ಇಪ್ಪತ್ತು ಜನ.

"ಏನಿದು ಸಂಬಂಧಿ, ಇಂಗಾ ನೆನ್ಕೊಂಡ್ ಬರೋದು? ಮ್ಯಾಲೆ ಮುಚ್ಚಾಕೆ ಏನಾಗಿತ್ತು?" ಎಂದರು ಬೀಗಿತ್ತಿ. ಕಣ್ಣು ಮಾತ್ರ ಅತ್ತೆಯ ಮೇಲಿತ್ತು.

ಅತ್ತೆ ತಲೆ ತಗ್ಗಿಸಿದರು. ಮಾವ ಮುಂದೆ ಬಂದರು.

"ಅಯ್ಯೋ, ಅದ್ಯಾಕ್ ಕೇಳ್ತೀರವ್ವಾ! ಎಲ್ಲಾ ಈ ದರಿದ್ರ ವಂಡಿ ಮಾಡಿದ್ದು. ಕೊಕ್ಕೆ ಸಿಕ್ಕಾಕ್ಕೊಂಡು ಟಾಪು ಮುಚ್ಚಲೇ ಇಲ್ಲ. ಇವ್ಳು ಆಗ್ಲೇ ಬಡ್ಕೊಂಡ್ಳು, ಬಸ್ನಾಗೇ ಓಗಾನ ಅಂತ. ನಾನೇ ಕೇಳ್ಲಿಲ್ಲ."

"ನೀರ್ ನೋಡೋರ್ ವಂಡಿ ಅಂದ್ರೆ ಇಂಗೇ ಇರ್ಬೇಕು!" ಎಂದರು ಬೀಗರು. ಜಗಲಿ ಪೂರ್ತಿ ಹೋ ಎಂದು ನಕ್ಕಿತು. ಮಾವನೂ ನಕ್ಕರು. ಆ ಕಾರಿನ ಬಗ್ಗೆ ಅರ್ಧ ಮಾತು ಆಡಿದರೆ ಜಗಳಕ್ಕೆ ನಿಲ್ಲುತ್ತಿದ್ದ ಮನುಷ್ಯ! ಇಷ್ಟು ವರ್ಷ ಇವರನ್ನು ನೋಡಿ ನಗುತ್ತ ಬಂದದ್ದಕ್ಕೆ ನನಗೆ ನಾಚಿಕೆಯಾಯಿತು. ಅತ್ತೆ ಒಂದು ಕ್ಷಣ ಅವರನ್ನೇ ನೋಡಿ, ಪಾತ್ರೆಯನ್ನು ಎದೆಗೊತ್ತಿಕೊಂಡು, ಬಲಗಾಲು ಮುಂದಿಟ್ಟು ಮಗಳ ಮನೆಯ ಹೊಸ್ತಿಲು ದಾಟಿದರು.

ಸ್ವಲ್ಪ ಹೊತ್ತಿಗೆ ಒಳಗೆ ಹಾಲು ಉಕ್ಕಿತು, ಹೆಂಗಸರು ಸಂಭ್ರಮದಿಂದ ಕೂಗಿದರು. ಮಾವ ಜಗಲಿಯ ತುದಿಯಲ್ಲಿ ನಿಂತು ಪಂಚೆಯ ಅಂಚು ಹಿಂಡುತ್ತ, ಆಗಷ್ಟೇ ಬಂದ ಇನ್ನೊಬ್ಬ ನೆಂಟರಿಗೆ ಆ ಕೊಕ್ಕೆ ಹೇಗೆ ಸಿಕ್ಕಿಹಾಕಿಕೊಂಡಿತು ಎಂದು ವಿವರಿಸುತ್ತಿದ್ದರು.